ನಾಲ್ಕನೇ ಕ್ಯಾಮೆರಾಗೆ ಕಾಣದ ಮಾವ

ಮಾವ ಮಧ್ಯಾಹ್ನ ಮೂರಕ್ಕೇ ಮನೆಗೆ ಬಂದರು. ಹನ್ನೊಂದು ವರ್ಷದಲ್ಲಿ ಐದೂವರೆಗೆ ಒಂದು ನಿಮಿಷ ಮೊದಲು ಬಂದವರಲ್ಲ. ಸೊಸೆ ಊಟದ ಮೇಜಿನ ತುಂಬ ಕ್ಯಾಮೆರಾ, ವೈರು, ಸ್ಕ್ರೂ ಹರವಿಕೊಂಡು ಕೂತಿದ್ದಳು. ಮಾವ ಅದರ ನಡುವೆಯೇ ಒಂದಿಷ್ಟು ಜಾಗ ಮಾಡಿ ಊಟದ ಡಬ್ಬಿ ಇಟ್ಟರು.

ಅತ್ತೆ ಡಬ್ಬಿ ಎತ್ತಿ ನೋಡಿದರು. "ಉಂಡೇ ಇಲ್ವಲ್ಲ. ಹುಷಾರಿಲ್ವಾ?"

"ಹುಷಾರಾಗೇ ಇದೀನಿ. ಕೆಲಸ ಇಲ್ಲ."

"ಇವತ್ತು ಬೇಗ ಬಿಟ್ರಾ?"

"ಇವತ್ತಿಗಲ್ಲ. ಇನ್ಮೇಲೆ ಬರಬೇಡಿ ಅಂದ್ರು."

ಅಷ್ಟು ಹೇಳಿ ಕೈಕಾಲು ತೊಳೆಯಲು ಹೋದರು. ಅತ್ತೆ ಡಬ್ಬಿ ಹಿಡಿದುಕೊಂಡೇ ನಿಂತರು. ಆ ಹೊತ್ತಿಗೆ ಸೊಸೆಯ ಫೋನು ಬಡಿದುಕೊಂಡಿತು. ಗೋದಾಮಿನ ಮಾಲೀಕರು.

ಮಾವ ಕಾಯುತ್ತಿದ್ದುದು ನಲ್ಲಿ, ಸಿಂಕು, ಷವರು ತುಂಬಿಡುವ ಒಂದು ದೊಡ್ಡ ಗೋದಾಮಿನ ಹಿಂಬಾಗಿಲನ್ನು. ಸೊಸೆಯದು ಕ್ಯಾಮೆರಾ ಕೂರಿಸುವ ಕೆಲಸ. ಐದು ತಿಂಗಳ ಹಿಂದೆ ಆ ಗೋದಾಮಿಗೆ ಆರು ಕ್ಯಾಮೆರಾ ಹಾಕಿದವಳೂ ಅವಳೇ. ಮಾವ ಮಾಲೀಕರ ಹತ್ತಿರ, "ನಮ್ಮ ಸೊಸೆ ಒಂದು ಮೊಳೆ ಹೊಡೆದರೂ ಅಳತೆ ಮಾಡಿ ಹೊಡೀತಾಳೆ" ಎಂದು ನಾಲ್ಕು ಸಲ ಹೇಳಿ ಕೊಡಿಸಿದ ಕೆಲಸ ಅದು. ಅದು ಚೆನ್ನಾಗಿ ಆಯಿತೆಂದು ಮಾಲೀಕರು ಇನ್ನೆರಡು ಹೊಸ ಗೋದಾಮಿನ ಮೂವತ್ತು ಕ್ಯಾಮೆರಾಗಳನ್ನೂ ಅವಳಿಗೇ ಕೊಡುವುದಾಗಿ ಮಾತು ಕೊಟ್ಟಿದ್ದರು. ಗಂಡ ಓಡಿಸುವ ಬ್ರೆಡ್ಡಿನ ವ್ಯಾನು ಈಗ ವಾರಕ್ಕೆ ನಾಲ್ಕೇ ದಿನ ಹೊರಡುತ್ತಿತ್ತು. ಹಾಗಾಗಿ ಆ ಮೂವತ್ತರ ಮೇಲೆಯೇ ಇಡೀ ಮನೆಯ ಕಣ್ಣಿತ್ತು.

"ನಿಮ್ಮ ಮಾವ ಅಂತಲೇ ಮರ್ಯಾದೆಯಾಗಿ ಕಳಿಸಿದೀನಿ" ಎಂದರು ಮಾಲೀಕರು. ಎರಡು ಪೆಟ್ಟಿಗೆ ನಲ್ಲಿ ಕಾಣುತ್ತಿಲ್ಲವಂತೆ. ಮೂರು ವಾರದ ರೆಕಾರ್ಡಿಂಗ್ ನೋಡಿದರಂತೆ. ದಿನಾ ಒಂದೂವರೆಯಿಂದ ನಾಲ್ಕರ ತನಕ ಹಿಂಬಾಗಿಲಲ್ಲಿ ನರಪಿಳ್ಳೆ ಇಲ್ಲ. "ಬೆಕ್ಕು ಬಾಲ ಅಲ್ಲಾಡಿಸಿದ್ರೂ ರೆಕಾರ್ಡ್ ಆಗುತ್ತೆ ಅಂತ ನೀವೇ ಅಲ್ವಾ ಹೇಳಿದ್ದು? ಎರಡೂವರೆ ಗಂಟೆ ಒಬ್ಬ ಮನುಷ್ಯ ಕೈ ಕಾಲು ಆಡಿಸದೆ ಕೂರ್ತಾನಾ?"

ಸೊಸೆ ಫೋನಿನಲ್ಲೇ ಗೋದಾಮಿನ ರೆಕಾರ್ಡರ್ ತೆರೆದಳು. ಕ್ಯಾಮೆರಾ ಎನ್ನುವುದು ಬರೀ ಕಣ್ಣು. ನೆನಪಿಟ್ಟುಕೊಳ್ಳುವುದು ಆಫೀಸಿನ ಕಪಾಟಿನಲ್ಲಿ ಕೂತಿರುವ ಡಬ್ಬಿ. ಕಂಡದ್ದನ್ನೆಲ್ಲ ಬರೆದುಕೊಂಡರೆ ಅದರ ಡಿಸ್ಕು ವಾರದಲ್ಲೇ ತುಂಬಿ, ಹೊಸದಕ್ಕೆ ಜಾಗ ಮಾಡಲು ಹಳೆಯದನ್ನು ಅಳಿಸುತ್ತ ಹೋಗುತ್ತದೆ. ಅದಕ್ಕೇ ಏನಾದರೂ ಅಲುಗಿದಾಗ ಮಾತ್ರ ಬರೆದುಕೋ ಎಂದು ಹೇಳಿಟ್ಟಿರುತ್ತಾರೆ. ಇಡೀ ದಿನ ಒಂದು ಉದ್ದ ಪಟ್ಟಿಯಾಗಿ ಕಾಣುತ್ತದೆ. ಅಲುಗಾಟವಿದ್ದ ಹೊತ್ತು ಹಸಿರು, ಇಲ್ಲದ ಹೊತ್ತು ಬೂದಿ ಬಣ್ಣ. ಹಿಂಬಾಗಿಲಿನದು ನಾಲ್ಕನೇ ಕ್ಯಾಮೆರಾ. ಅದರ ನಿನ್ನೆಯ ಪಟ್ಟಿ ಬೆಳಿಗ್ಗೆಯೆಲ್ಲ ಹಸಿರಾಗಿದ್ದು, ಹಮಾಲರು ಊಟಕ್ಕೂ ಆಮೇಲೆ ಲಾರಿ ತುಂಬುವುದಕ್ಕೂ ಮುಂದಿನ ಅಂಗಳಕ್ಕೆ ಹೋದ ಒಂದೂವರೆಗೆ ಬೂದಿಯಾಗಿತ್ತು. ಅವರು ನಾಲ್ಕಕ್ಕೆ ಹಿಂದಿರುಗುವ ತನಕ ಬೂದಿಯೇ. ಹಿಂದಿನ ದಿನವೂ ಹಾಗೇ. ಅದರ ಹಿಂದಿನ ದಿನವೂ ಹಾಗೇ.

ಮಾವ ಮುಖ ಒರೆಸಿಕೊಳ್ಳುತ್ತ ಬಂದರು.

"ಮಾವ, ಮಧ್ಯಾಹ್ನ ಎಲ್ಲಿಗೆ ಹೋಗ್ತಿದ್ರಿ?"

"ಎಲ್ಲಿಗೂ ಹೋಗಿಲ್ಲಮ್ಮ. ಕೂತ ಜಾಗ ಬಿಟ್ಟು ಎದ್ದಿಲ್ಲ."

"ಕ್ಯಾಮೆರಾ ಸುಳ್ಳು ಹೇಳಲ್ಲ ಮಾವ."

ಮಾವ ಮುಖದಿಂದ ಟವೆಲು ಇಳಿಸಿದರು. "ಹಾಗಾದ್ರೆ ನಾನು ಹೇಳ್ತಿದೀನಿ ಅಂತಾಯ್ತು" ಎಂದು ಟವೆಲು ಮಡಿಸಿ ಕುರ್ಚಿಯ ಬೆನ್ನಿಗೆ ಹಾಕಿದರು. ಆಡಿದ ಮಾತನ್ನು ಹಿಂದಕ್ಕೆ ಎಳೆದುಕೊಳ್ಳಲು ಅದೇನು ವೈರೇ? ಅವಳು ಮೇಜಿನ ಮೇಲಿದ್ದ ಸ್ಕ್ರೂಗಳನ್ನು ಆಯ್ದುಕೊಂಡಳು.

ರಾತ್ರಿ ಊಟಕ್ಕೆ ಅನ್ನ, ಬೇಳೆ, ಹುರಿದ ಆಲೂಗಡ್ಡೆ. ಬಡಿಸುವ ಸೌಟಿನ ಸದ್ದಿನಲ್ಲೇ ಅತ್ತೆಯ ಸಿಟ್ಟು ಗೊತ್ತಾಗುತ್ತಿತ್ತು.

"ಅಪ್ಪಾ" ಎಂದ ಗಂಡ, "ಒಂದಿಷ್ಟು ಹೊತ್ತು ಎಲ್ಲಾದರೂ ಮಲಗೋಕೆ ಹೋಗಿದ್ರೆ ಹೇಳ್ಬಿಡು. ಈ ವಯಸ್ಸಲ್ಲಿ ಅದೇನು ತಪ್ಪಲ್ಲ."

"ವಯಸ್ಸಾಗಿರೋದು ನಿಜ. ಹೋಗಿರೋದು ಸುಳ್ಳು."

"ಮತ್ತೆ ಕ್ಯಾಮೆರಾದಲ್ಲಿ ಯಾಕಿಲ್ಲ?"

"ಅದನ್ನ ಕ್ಯಾಮೆರಾನೇ ಕೇಳು. ನಿನ್ನ ಹೆಂಡ್ತಿ ಮಾತಿಗೆ ಅದು ಉತ್ತರ ಕೊಡುತ್ತಂತಲ್ಲ."

ಅತ್ತೆ ಸೌಟು ಕೆಳಗಿಟ್ಟರು. "ಕೆಲಸ ಕೊಡಿಸಿದ ಮಾವನ ಅನ್ನಕ್ಕೇ ಕಲ್ಲು ಹಾಕ್ತಲ್ಲೇ ನಿನ್ನ ಕ್ಯಾಮೆರಾ. ಬೇಲಿ ಕಟ್ಟಿ ಬಾ ಅಂದ್ರೆ ಬಾವಿ ತೋಡಿ ಬಂದೆಯಾ?"

"ಅತ್ತೆ, ನಾನೇನು ಬೇಕು ಅಂತ ಮಾಡಿದ್ನಾ? ಇರೋದನ್ನ ಹೇಳಿದೆ."

"ತಾತ ಸುಳ್ಳು ಹೇಳಲ್ಲ" ಎಂದಳು ಹತ್ತು ವರ್ಷದ ಮಗಳು. ಮನೆಯಲ್ಲಿ ಎಲ್ಲರೂ ಅವಳನ್ನು ಚೂಟಿ ಎನ್ನುತ್ತಿದ್ದರು. "ಹೋದ ಸಲ ನನ್ನ ಬಿಸ್ಕತ್ತು ತಿಂದಾಗಲೂ ತಾವೇ ಒಪ್ಕೊಂಡ್ರು."

ಯಾರಿಗೂ ನಗು ಬರಲಿಲ್ಲ. ಮಾವ ಮಾತ್ರ ಅವಳ ತಟ್ಟೆಗೆ ತಮ್ಮ ಪಾಲಿನ ಆಲೂಗಡ್ಡೆ ಹಾಕಿದರು.

ಮರುದಿನ ಬೆಳಿಗ್ಗೆ ಎಂಟೂವರೆಗೆ ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತರು. "ಡಬ್ಬಿ ಕಟ್ಟಲ್ವಾ?"

"ಎಲ್ಲಿಗೆ?" ಎಂದರು ಅತ್ತೆ.

"ಕೆಲಸಕ್ಕೆ."

"ಕೆಲಸ ಎಲ್ಲಿದೆ?"

"ಅದು ಅವರು ತೆಗೆದಿದ್ದು. ನಾನು ಬಿಟ್ಟಿಲ್ಲ."

ಹೋದರು. ಗೋದಾಮಿನ ಎದುರು, ರಸ್ತೆಯ ಈಚೆ, ಮುಚ್ಚಿದ ಅಂಗಡಿಯೊಂದರ ಕಟ್ಟೆಯಿತ್ತು. ಒಂಬತ್ತರಿಂದ ಐದರವರೆಗೆ ಅದರ ಮೇಲೆ ಕೂತರು. ಡಬ್ಬಿ ಪಕ್ಕದಲ್ಲಿ, ನೀರಿನ ಬಾಟಲಿ ಕಾಲ ಬುಡದಲ್ಲಿ. ಯಾರನ್ನೂ ಮಾತಾಡಿಸಲಿಲ್ಲ, ಯಾರಿಗೂ ಬಯ್ಯಲಿಲ್ಲ. ಐದಕ್ಕೆ ಎದ್ದು, ಅಂಗಿ ಕೊಡವಿಕೊಂಡು ಮನೆಗೆ ಬಂದರು. ಮರುದಿನವೂ ಹೋದರು. ಆ ವಾರವೆಲ್ಲ ಹೋದರು. ಅತ್ತೆ ಬಯ್ಯುತ್ತಲೇ ಡಬ್ಬಿ ಕಟ್ಟಿದರು, ಡಬ್ಬಿ ಪ್ರತಿ ಸಂಜೆಯೂ ಖಾಲಿಯಾಗಿ ಬಂತು.

ಎರಡನೇ ವಾರ ಆ ಎರಡು ಪೆಟ್ಟಿಗೆ ಸಿಕ್ಕಿದವು. ಕಳುವೇ ಆಗಿರಲಿಲ್ಲ. ಸಿಂಕಿನ ಚೀಟಿ ಅಂಟಿಸಿ ಮೇಲಿನ ಅಟ್ಟಕ್ಕೆ ಏರಿಸಿದ್ದರು, ಅಷ್ಟೇ. ಸುದ್ದಿ ತಿಳಿದು ಸೊಸೆ ಖುಷಿಯಿಂದ ಮಾಲೀಕರಿಗೆ ಫೋನ್ ಮಾಡಿದಳು.

"ನಲ್ಲಿ ಸಿಕ್ತು, ಸಂತೋಷ" ಎಂದರು ಅವರು. "ಆದ್ರೆ ಬಾಗಿಲು ಬಿಟ್ಟು ಹೋಗಿದ್ದು ಹೋಗಿದ್ದೇ ಅಲ್ವಾ? ನಾಳೆ ನಿಜವಾಗ್ಲೂ ಕದ್ದುಕೊಂಡು ಹೋದ್ರೆ? ನೋಡಿಮ್ಮ, ನಿಮ್ಮ ಮಾವ ಎದುರುಗಡೆ ಕೂತ್ಕೊಂಡು ನಮ್ಮ ಮಾನ ಹರಾಜು ಹಾಕ್ತಿದಾರೆ. ಬಂದ ಗಿರಾಕಿಗಳೆಲ್ಲ ಕೇಳ್ತಾರೆ. ಅವರನ್ನ ಕರ್ಕೊಂಡು ಹೋಗಿ. ಮುಂದಿನ ವಾರ ಹೊಸ ಗೋದಾಮಿನ ಮಾತಾಡೋಣ."

ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರು. ಅವಳಿಗೆ ಅರ್ಥವಾಗದಿರಲು ಅವಳೇನು ಕೂಸಲ್ಲ.

ಮಧ್ಯಾಹ್ನ ಸ್ಕೂಟರಿನಲ್ಲಿ ಹೋದಳು. ಕಟ್ಟೆಯ ಮೇಲೆ ನೆರಳಿರಲಿಲ್ಲ. ಮಾವನ ಕುತ್ತಿಗೆ ಬಿಸಿಲಿಗೆ ಕೆಂಪಾಗಿತ್ತು.

"ಮಾವ, ಮನೆಗೆ ನಡೀರಿ. ನಾಲ್ಕು ಜನರ ಮುಂದೆ ನನಗೆ ತಲೆ ಎತ್ತೋಕಾಗ್ತಿಲ್ಲ."

"ನನಗೂ ಅಷ್ಟೇ ಕಣಮ್ಮ. ಹಮಾಲರೆಲ್ಲರ ಮುಂದೆ ಅಂದ್ರು ಅವರು, ನೀನು ಕೆಲಸಗಳ್ಳ ಅಂತ." ಗೋದಾಮಿನ ಮುಂಬಾಗಿಲ ಮೇಲಿದ್ದ ಒಂದನೇ ಕ್ಯಾಮೆರಾ ಕಡೆ ಕೈ ತೋರಿಸಿದರು. "ಅದು ಈ ಕಟ್ಟೇನೂ ನೋಡುತ್ತೆ ಅಂತ ನೀನೇ ಹೇಳಿದ್ದೆ. ನೋಡ್ಲಿ. ನಾನು ಕೂತ್ರೆ ಏಳೋನಲ್ಲ ಅಂತ ಅವರ ಡಬ್ಬೀನೇ ಬರ್ಕೊಳ್ಳಲಿ."

"ಹಟ ಮಾಡಿದ್ರೆ ಹೊಸ ಕೆಲಸಾನೂ ಹೋಗುತ್ತೆ ಮಾವ."

"ನಿನ್ನ ಕೆಲಸ ಹೋಗಬೇಕು ಅಂತ ನನಗೇನು ಆಸೆಯಾ? ಆದ್ರೆ ಇದನ್ನ ನಾನು ಒಪ್ಕೊಳ್ಳಲ್ಲ. ನೀನು ಹೋಗು, ಬಿಸಿಲು."

ಅವಳು ಹೋದಳು. ಸಿಟ್ಟೂ ಬಂತು, ಅಳುವೂ ಬಂತು. ಸಂಜೆ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತ ಎಲ್ಲವನ್ನೂ ಅತ್ತೆಯ ಮುಂದೆ ಸುರಿದಳು. ಅತ್ತೆ ಹಿಟ್ಟು ನಾದುತ್ತ ಕೇಳಿದರು. ಈ ಎರಡು ವಾರದಲ್ಲಿ ಅವರಿಬ್ಬರೂ ಎಷ್ಟು ಬೇಕೋ ಅಷ್ಟೇ ಮಾತಾಡಿದ್ದರು.

"ಒಂದು ಕೇಳ್ತೀನಿ, ಸಿಟ್ಟಾಗಬೇಡ" ಎಂದರು ಅತ್ತೆ. "ನಿನ್ನ ಡಬ್ಬಿ ಅಲ್ಲಾಡಿದ್ದನ್ನೆಲ್ಲ ಬರ್ಕೊಳ್ಳುತ್ತೆ, ಹೌದಾ?"

"ಹೌದು."

"ಹಾಗಾದ್ರೆ ಇವರು ಎದ್ದು ಹೋಗಿದ್ದನ್ನ ಬರ್ಕೊಂಡಿರಬೇಕು. ವಾಪಸ್ ಬಂದಿದ್ದನ್ನೂ ಬರ್ಕೊಂಡಿರಬೇಕು. ಎದ್ದು ಹೋಗೋನು ಗಾಳಿ ಹಂಗೆ ಹೋಗ್ತಾನಾ? ಹೋಗಿದ್ದು ಎಲ್ಲಿದೆ, ತೋರಿಸು ನೋಡೋಣ."

ಸೊಸೆಯ ಚಾಕು ನಿಂತಿತು.

ಕೈ ಒರೆಸಿಕೊಂಡು ಫೋನ್ ತೆರೆದು, ಮಾವನ ಕೆಲಸ ಹೋಗುವ ಹಿಂದಿನ ದಿನದ ರೆಕಾರ್ಡಿಂಗ್ ಹುಡುಕಿದಳು. ಒಂದೂವರೆಗೆ ಹಮಾಲರು ಹೋದ ತುಣುಕಿನ ಕೊನೆಯಲ್ಲಿ ಮಾವ ಸ್ಟೂಲಿನ ಮೇಲಿದ್ದರು. ನಾಲ್ಕಕ್ಕೆ ಹಮಾಲರು ಬಂದ ತುಣುಕಿನ ಮೊದಲ ಚಿತ್ರದಲ್ಲಿಯೂ ಸ್ಟೂಲಿನ ಮೇಲಿದ್ದರು. ಬಾಟಲಿ ಅಲ್ಲೇ ಇತ್ತು. ಎದ್ದದ್ದು ಇಲ್ಲ, ಹೋದದ್ದು ಇಲ್ಲ, ಬಂದದ್ದು ಇಲ್ಲ. ಅದರ ಹಿಂದಿನ ದಿನ ನೋಡಿದಳು, ಹಾಗೇ. ಇಪ್ಪತ್ತು ದಿನ ನೋಡಿದಳು, ಇಪ್ಪತ್ತೂ ಹಾಗೇ. ಹತ್ತು ವರ್ಷದಿಂದ ಇದೇ ಕೆಲಸ ಮಾಡುವವಳಿಗೆ ಇಷ್ಟು ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು.

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ" ಎಂದರು ಅತ್ತೆ. "ನೀನು ಕಾಣದೇ ಇರೋದನ್ನೇ ನಂಬಿಬಿಟ್ಟೆ."

ಮರುದಿನ ಮಧ್ಯಾಹ್ನ ಎರಡಕ್ಕೆ, ಕ್ಯಾಮೆರಾ ಒರೆಸಿ ಪರೀಕ್ಷೆ ಮಾಡಬೇಕು ಎಂದು ಹೇಳಿ ಗೋದಾಮಿನ ಹಿಂಬಾಗಿಲಿಗೆ ಹೋದಳು. ಅಲ್ಲೀಗ ಆಫೀಸಿನ ಗುಮಾಸ್ತ ಒಲ್ಲದ ಮನಸ್ಸಿನಿಂದ ಕಾಯುತ್ತಿದ್ದ. ಅವನನ್ನು ಚಹಾ ಕುಡಿದು ಬನ್ನಿ ಎಂದು ಕಳಿಸಿ, ಮಾವನ ಸ್ಟೂಲಿನ ಮೇಲೆ ಕೂತಳು. ಪಕ್ಕದಲ್ಲೇ ಬಾಗಿಲಿಗೆ ಇಳಿಬಿಟ್ಟ ದಪ್ಪ ಪ್ಲಾಸ್ಟಿಕ್ ಪಟ್ಟಿಗಳ ಪರದೆ ಗಾಳಿಗೆ ಪಟಪಟ ಎನ್ನುತ್ತಿತ್ತು. ಫೋನು ತೆರೆದು ನಾಲ್ಕನೇ ಕ್ಯಾಮೆರಾದ ಪಟ್ಟಿಯ ಮೇಲೆ ಕಣ್ಣಿಟ್ಟು ಕೈ ಬೀಸಿದಳು. ಬೂದಿ. ತಲೆಗೂದಲು ಬಿಚ್ಚಿ ಕಟ್ಟಿದಳು. ಬೂದಿ. ಎದ್ದು ನಿಂತು ಎರಡೂ ಕೈ ಮೇಲೆತ್ತಿ ಕುಣಿದಳು. ಚಹಾ ಕುಡಿದು ಬಂದ ಗುಮಾಸ್ತ ಬಾಯಿ ಬಿಟ್ಟುಕೊಂಡು ನೋಡಿದ. ಅವನ ಕಾಲು ಚೌಕಟ್ಟಿನೊಳಗೆ ಬಿದ್ದ ಕೂಡಲೇ ಪಟ್ಟಿ ಹಸಿರಾಯಿತು.

ಅವಳು ಅಲ್ಲೇ ಸೆಟ್ಟಿಂಗು ತೆರೆದಳು. ಕ್ಯಾಮೆರಾದ ಚಿತ್ರವನ್ನು ಚಿಕ್ಕ ಚಿಕ್ಕ ಚೌಕಗಳಾಗಿ ಭಾಗ ಮಾಡಿರುತ್ತಾರೆ. ಯಾವ ಚೌಕದ ಅಲುಗಾಟ ಲೆಕ್ಕಕ್ಕಿಲ್ಲವೋ ಅದನ್ನು ಬೆರಳಿನಿಂದ ಒರೆಸಿ ಅಳಿಸಬಹುದು. ಪ್ಲಾಸ್ಟಿಕ್ ಪರದೆಯ ಚೌಕಗಳೆಲ್ಲ ಅಳಿಸಿ ಹೋಗಿದ್ದವು. ಪರದೆಯ ಪಕ್ಕದ ಅಗಲ ಜಾಗವೂ ಅಳಿಸಿ ಹೋಗಿತ್ತು. ಸ್ಟೂಲು ಅದರ ನಟ್ಟನಡುವೆ.

ಆಗ ಎಲ್ಲ ನೆನಪಾಯಿತು. ಕ್ಯಾಮೆರಾ ಹಾಕಿದ ಎರಡನೇ ವಾರ, ಪರದೆ ಅಲುಗಿ ಅಲುಗಿ ಡಿಸ್ಕು ತುಂಬುತ್ತಿದೆಯೆಂದು ಮಾಲೀಕರು ಫೋನ್ ಮಾಡಿದ್ದರು. ಅವಳು ಬೇರೆಲ್ಲೋ ಏಣಿಯ ಮೇಲಿದ್ದಳು. ಒಂದು ಕೈಯಲ್ಲಿ ಏಣಿ ಹಿಡಿದು, ಇನ್ನೊಂದು ಕೈಯ ಹೆಬ್ಬೆರಳಿನಿಂದ ಫೋನಿನ ಮೇಲೆ ಬರಬರನೆ ಒರೆಸಿ ಮುಗಿಸಿದ್ದಳು. ಅದರ ಮರುದಿನ ಬೆಳಿಗ್ಗೆ ಚಹಾ ಕುಡಿಯುತ್ತ ಮಾವ ಕೇಳಿದ್ದರು: "ನಾನು ಸುಮ್ನೆ ಕೈ ಕಾಲು ಆಡಿಸಿ ನಿನ್ನ ಡಬ್ಬಿ ತುಂಬಿಸ್ತೀನೇನೋ. ಎಲ್ಲಿ ಕೂತ್ರೆ ನಿನ್ನ ಕೆಲಸಕ್ಕೆ ತೊಂದ್ರೆ ಆಗಲ್ಲ?" ಅವಳು ಚೂಟಿಯ ಜಡೆ ಹೆಣೆಯುತ್ತ, ತಿರುಗಿಯೂ ನೋಡದೆ, "ಪರದೆ ಪಕ್ಕ ಕೂತ್ಕೊಳ್ಳಿ ಮಾವ, ಅಲ್ಲಿ ಏನೂ ಆಗಲ್ಲ" ಎಂದಿದ್ದಳು. ಅವತ್ತೇ ಸ್ಟೂಲು ಎತ್ತಿ ಅಲ್ಲಿಟ್ಟುಕೊಂಡಿದ್ದರು. ನಾಲ್ಕೂವರೆ ತಿಂಗಳು ಅವಳು ಹೇಳಿದಲ್ಲೇ ಕೂತಿದ್ದರು.

ಗೋದಾಮಿನಿಂದ ಬಂದ ರಾತ್ರಿ ಊಟಕ್ಕೆ ಎಲ್ಲರೂ ಕೂತ ಮೇಲೆ ಅವಳು ತಟ್ಟೆ ಪಕ್ಕಕ್ಕಿಟ್ಟು ಎಲ್ಲವನ್ನೂ ಹೇಳಿದಳು. ಹೇಳುವಾಗ ಮಾವನ ಮುಖ ನೋಡಿಯೇ ಹೇಳಿದಳು.

"ನಾನೇ ಅಲ್ಲಿ ಕೂರಿ ಅಂದಿದ್ದೆ ಅಂತ ಯಾಕೆ ಹೇಳಲಿಲ್ಲ ಮಾವ?"

"ಹೇಳಿದ್ರೆ ನಿನ್ನ ಮೇಲೆ ಎತ್ತಿ ಹಾಕ್ದಂಗೆ ಆಗ್ತಿತ್ತು. ಅದರಿಂದಲೇ ಹಿಂಗಾಯ್ತು ಅಂತಾನೂ ನನಗೇನು ಗೊತ್ತು? ನಾನು ಎದ್ದಿಲ್ಲ ಅನ್ನೋದಷ್ಟೇ ಗೊತ್ತಿತ್ತು. ಅಷ್ಟು ಸಾಕಾಗಿತ್ತು."

"ಸಾಕಾಗಿದ್ರೆ ಬಿಸಿಲಲ್ಲಿ ಯಾಕೆ ಒಣಗ್ತಿದ್ರಿ?" ಎಂದರು ಅತ್ತೆ. ಮಾವ ನೀರಿನ ಲೋಟ ಎತ್ತಿಕೊಂಡರು.

ಗಂಡ ಅನ್ನ ಕಲೆಸುತ್ತ ಯೋಚಿಸಿದ. "ಈಗ ಒಂದು ಕೆಲಸ ಮಾಡು. ಆ ಚೌಕಗಳನ್ನ ಸರಿ ಮಾಡ್ಬಿಡು. ವಯಸ್ಸಾದವರು, ಒಂದು ಸಲ ಕ್ಷಮಿಸಿ ವಾಪಸ್ ತಗೊಳ್ಳಿ ಅಂತ ಕೇಳ್ಕೊ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು."

"ಕ್ಷಮಿಸಿ ಅಂದ್ರೆ ಮಾವ ತಪ್ಪು ಮಾಡಿದ್ರು ಅಂತಾಗುತ್ತೆ ಕಣ್ರೀ."

"ಮೂವತ್ತು ಕ್ಯಾಮೆರಾ ಕಣೇ. ತಪ್ಪು ನಿಂದು ಅಂದ್ರೆ ಕೊಡ್ತಾರಾ ಅವರು?"

"ಕೊಡಲ್ಲ."

"ಮತ್ತೆ?"

"ನಾಳೆ ಹನ್ನೊಂದಕ್ಕೆ ಹೋಗ್ತೀನಿ. ಮಾವನ್ನೂ ಕರ್ಕೊಂಡು ಹೋಗ್ತೀನಿ."

ಗಂಡ ಅಮ್ಮನ ಮುಖ ನೋಡಿದ, ಅಮ್ಮನಾದರೂ ಬುದ್ಧಿ ಹೇಳಲಿ ಎಂದು. ಅತ್ತೆ ಸೊಸೆಯ ತಟ್ಟೆಯನ್ನು ಅವಳ ಮುಂದಕ್ಕೆ ತಳ್ಳಿ, "ಉಂಡು ಮಲಗು. ಹೊಟ್ಟೆ ಖಾಲಿ ಇದ್ರೆ ನಾಲಿಗೆ ತಡವರಿಸುತ್ತೆ" ಎಂದರು.

ಮರುದಿನ ಹನ್ನೊಂದಕ್ಕೆ ಗೋದಾಮಿನ ಹಿಂಬಾಗಿಲಲ್ಲಿ ಮಾಲೀಕರು ಬಂದು ನಿಂತರು. ಹಮಾಲರೆಲ್ಲ ಇರಲಿ ಎಂದು ಸೊಸೆ ಕೇಳಿಕೊಂಡಿದ್ದಳು. ಮಾವನೂ ಸೇರಿ ಎಲ್ಲರನ್ನೂ ಕ್ಯಾಮೆರಾದ ಬೆನ್ನಿಗೆ, ಪೆಟ್ಟಿಗೆಗಳ ಸಾಲಿನ ಹಿಂದೆ ನಿಲ್ಲಿಸಿದಳು.

"ಸಾರ್, ಹತ್ತು ನಿಮಿಷ ಈ ಸ್ಟೂಲಿನ ಮೇಲೆ ಕೂತ್ಕೊಳ್ತೀರಾ?"

"ನಾನ್ಯಾಕ್ರೀ?"

"ಹತ್ತೇ ನಿಮಿಷ ಸಾರ್."

ಗೊಣಗಿಕೊಂಡು ಕೂತರು. ಮೊದಲ ಎರಡು ನಿಮಿಷ ಫೋನು ನೋಡಿದರು. ಆಮೇಲೆ ಕಾಲ ಮೇಲೆ ಕಾಲು ಹಾಕಿದರು, ಕನ್ನಡಕ ಒರೆಸಿದರು, ನೊಣ ಓಡಿಸಿದರು, ಎರಡು ಸಲ ಗಡಿಯಾರ ನೋಡಿದರು. ಹತ್ತು ನಿಮಿಷವಾದ ಮೇಲೆ ಸೊಸೆ ಹೋಗಿ ಫೋನಿನಲ್ಲಿದ್ದ ಪಟ್ಟಿಯನ್ನು ಅವರ ಮುಂದೆ ಹಿಡಿದಳು. ಬೂದಿ.

"ಹನ್ನೊಂದು ಹತ್ತರಿಂದ ಹನ್ನೊಂದು ಇಪ್ಪತ್ತು. ಸಾರ್, ಎಲ್ಲಿಗೆ ಹೋಗಿದ್ರಿ?"

"ಇಲ್ಲೇ ಕೂತಿದ್ನಲ್ರೀ, ಎಲ್ಲರೂ ನೋಡಿದಾರೆ."

"ಮಾವನೂ ಅದನ್ನೇ ಹೇಳಿದ್ರು ಸಾರ್. ನೀವೂ ನಂಬಲಿಲ್ಲ, ನಾನೂ ನಂಬಲಿಲ್ಲ."

ಹಮಾಲರಲ್ಲಿ ಒಬ್ಬ ಕಿಸಕ್ಕೆಂದ. ಸೊಸೆ ಚೌಕಗಳನ್ನು ತೋರಿಸಿದಳು. ಏಣಿ, ಹೆಬ್ಬೆರಳು, ಸ್ಟೂಲು ಅಲ್ಲಿಡಿ ಎಂದ ಮಾತು, ಒಂದನ್ನೂ ಬಿಡದೆ ಹೇಳಿದಳು. ದೂರದಲ್ಲಿದ್ದವರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು. "ಇವರು ಒಂದು ದಿನಾನೂ ಬಾಗಿಲು ಬಿಟ್ಟು ಹೋಗಿಲ್ಲ. ಕ್ಯಾಮೆರಾನ ಕುರುಡು ಮಾಡಿದ್ದು ನಾನು. ನೀವು ಅವತ್ತು ಇವರೆಲ್ಲರ ಮುಂದೆ ಕೆಲಸಗಳ್ಳ ಅಂದಿದ್ರಿ. ಅದಕ್ಕೇ ಎಲ್ಲರ ಮುಂದೆ ಹೇಳ್ತಿದೀನಿ."

ಮಾಲೀಕರ ಮುಖ ಕೆಂಪೇರಿತು. ಕೆಟ್ಟ ಮನುಷ್ಯರೇನಲ್ಲ, ಆದರೆ ಸೋಲುವುದು ಯಾರಿಗೂ ಸಿಹಿಯಲ್ಲ.

"ಯಜಮಾನರೇ" ಎಂದರು ಮಾವನಿಗೆ, "ನನ್ನಿಂದ ತಪ್ಪಾಯ್ತು. ಹೋದ ದಿನಗಳ ಸಂಬಳಾನೂ ಕೊಡಿಸ್ತೀನಿ. ಇವತ್ತಿಂದಲೇ ಕೂತ್ಕೊಳ್ಳಿ." ಆಮೇಲೆ ಸೊಸೆಯ ಕಡೆ ತಿರುಗಿದರು. "ನೀವು ನಿಜ ಹೇಳಿದ್ರಿ, ಅದು ದೊಡ್ಡದು. ಆದ್ರೆ ಹೊಸ ಗೋದಾಮು ಬೇರೆಯವರಿಗೆ ಕೊಡ್ತೀನಮ್ಮ. ನನಗೆ ಧೈರ್ಯ ಸಾಲಲ್ಲ."

"ಸರಿ ಸಾರ್" ಎಂದಳು. ಬರುತ್ತದೆ ಎಂದು ಗೊತ್ತಿದ್ದ ಪೆಟ್ಟೇ. ಆದರೂ ಬಿದ್ದಾಗ ನೋವಾಯಿತು.

ಮಾವ ಸ್ಟೂಲಿನ ಹತ್ತಿರ ಹೋಗಿದ್ದವರು ನಿಂತುಬಿಟ್ಟರು. ಕೆಳಗಿಟ್ಟಿದ್ದ ಡಬ್ಬಿಯನ್ನು ಮತ್ತೆ ಕೈಗೆ ತೆಗೆದುಕೊಂಡರು. "ಹಾಗಾದ್ರೆ ನನಗೂ ಬೇಡ ಸಾರ್. ಸೊಸೆ ಅನ್ನ ಕಳೆದು ನಾನು ಇಲ್ಲಿ ಕೂತು ಉಣ್ಣಲ್ಲ. ನಡಿಯಮ್ಮ."

ಮದುವೆಯಾಗಿ ಬಂದ ಹದಿಮೂರು ವರ್ಷದಲ್ಲಿ ಸೊಸೆ ಮಾವನಿಗೆ ದನಿ ಏರಿಸಿ ಮಾತಾಡಿದವಳಲ್ಲ. ಅವತ್ತು ಆಡಿದಳು.

"ಮಾವ, ಕೂತ್ಕೊಳ್ಳಿ."

"ಅಲ್ಲಮ್ಮ..."

"ನೀವು ಕೂರಬೇಕು ಅಂತಲೇ ನಾನು ಕಳ್ಕೊಂಡಿದ್ದು. ಎದ್ದು ಬಂದ್ರೆ ಇಬ್ಬರದೂ ದಂಡ. ಕೂತ್ಕೊಳ್ಳಿ ಅಂದೆ."

ಹಮಾಲರು, ಗುಮಾಸ್ತ, ಮಾಲೀಕರು ಎಲ್ಲರೂ ನೋಡುತ್ತಿದ್ದಂತೆ ಮಾವ ಡಬ್ಬಿ ಕೆಳಗಿಟ್ಟರು. ಅವಳ ಮುಖವನ್ನೊಮ್ಮೆ ನೋಡಿ, ಅಂಗಿಯ ಹಿಂಭಾಗ ಸರಿಮಾಡಿಕೊಂಡು ಕೂತರು. ಅವಳು ಚೀಲ ಹೆಗಲಿಗೇರಿಸಿದಳು. ಹನ್ನೆರಡಕ್ಕೆ ಬೇರೆ ಕಡೆ ಎರಡು ಕ್ಯಾಮೆರಾ ಹಾಕುವುದಿತ್ತು. ಆಗಲೇ ತಡವಾಗಿತ್ತು.